ಐದು ಬೀಜ ಕೊಡಪ್ಪ ಅಂದಾಗ

ನಮ್ಮ ಅಂಗನವಾಡಿಯಲ್ಲಿ ನಾಲ್ಕೂವರೆ ವರ್ಷದ ಒಬ್ಬ ಹುಡುಗನಿದ್ದ. ಒಂದರಿಂದ ಇಪ್ಪತ್ತರ ತನಕ ಗಡಗಡ ಹೇಳುತ್ತಿದ್ದ. ಒಂದು ದಿನ "ಐದು ಹುಣಸೆ ಬೀಜ ಕೊಡಪ್ಪ" ಅಂದೆ. ಬೊಗಸೆ ತುಂಬ ಬಾಚಿ ಕೊಟ್ಟ. ಎಣಿಸು ಅಂದೆ. ಬಾಯಿ "ಏಳು" ಅನ್ನುವಾಗ ಬೆರಳು ಇನ್ನೂ ನಾಲ್ಕನೇ ಬೀಜದ ಮೇಲಿತ್ತು. ಪದ್ಯ ಬಾಯಿಪಾಠ ಮಾಡಿದ ಹಾಗೆ ಸಂಖ್ಯೆ ಕಲಿತಿದ್ದ, ಅಷ್ಟೇ.

ಮಕ್ಕಳಿಗೆ ಕೊಡುವ ಮೊಟ್ಟೆಯ ರಟ್ಟಿನ ಟ್ರೇ ಮೂಲೆಯಲ್ಲಿ ಬಿದ್ದಿತ್ತು. ಅದರಲ್ಲಿ 30 ಗುಳಿ ಇರುತ್ತವೆ, ನೋಡಿ. ಐದೈದು ಗುಳಿ ಬರುವ ಹಾಗೆ ಆರು ಪಟ್ಟಿ ಕತ್ತರಿಸಿದೆ. ಒಂದು ಗುಳಿಗೆ ಒಂದೇ ಬೀಜ, ಬೀಜ ಬಿದ್ದ ಮೇಲೇ ಸಂಖ್ಯೆ ಹೇಳಬೇಕು. ಎರಡು ವಾರದಲ್ಲಿ ಬಾಯಿ, ಬೆರಳು ಎರಡೂ ಜೊತೆಯಾಗಿ ನಡೆಯತೊಡಗಿದವು.

ಆಮೇಲೆ ಚೌಕಾಬಾರದ ಬೀಜ ಮಾಡಿದೆವು. ಹುಣಸೆ ಬೀಜವನ್ನು ಜಗಲಿಕಲ್ಲಿನ ಮೇಲೆ ಉಜ್ಜಿದರೆ ಒಂದು ಮಗ್ಗುಲಿನ ಸಿಪ್ಪೆ ಹೋಗಿ ಬಿಳಿ ಕಾಣುತ್ತದೆ. ಉಜ್ಜಿ ಉಜ್ಜಿ ಬೀಜ ಬಿಸಿಯಾಗುತ್ತಲ್ವಾ, ಅದನ್ನು ಪಕ್ಕದವರ ಕೈಗೆ ಮುಟ್ಟಿಸಿ "ಚುರ್ ಅಂತು!" ಅಂತ ಕಿರುಚುವುದೇ ಅರ್ಧ ಗಂಟೆ. ಬೇಡ ಅನ್ನಲಿಲ್ಲ. ಬೆರಳಿಗೆ ಅಷ್ಟು ಒಳ್ಳೆ ಕೆಲಸ ಬೇರೆಲ್ಲಿ ಸಿಗುತ್ತದೆ?

ನಾಲ್ಕು ಬೀಜ ಎಸೆಯಬೇಕು. ಎಷ್ಟು ಬಿಳಿ ಬಿತ್ತೋ ಅಷ್ಟು ಮನೆ. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕೂ ಕಂದಾದರೆ ಬಾರ, ಅಂದರೆ 8 ಮನೆ. ಮೊದಲು ಪೂರ್ತಿ 25 ಮನೆ ಬರೆದು ತಪ್ಪು ಮಾಡಿದೆ. ಕಾಯಿ ಹೊಡೆಸಿಕೊಂಡ ಮಕ್ಕಳೆಲ್ಲ ಅಳು. ಮಾರನೇ ದಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಏಣಿಯ ಹಾಗೆ ಹತ್ತೇ ಮನೆ ಬರೆದೆ, ಹೊಡೆಯುವುದನ್ನು ಬಿಟ್ಟೆ. ಸರಿಹೋಯಿತು.

ಇನ್ನೊಂದು ತಪ್ಪಿಗೆ ಈಗಲೂ ಎದೆ ಝಲ್ ಅನ್ನುತ್ತದೆ. ಮೂರು ವರ್ಷದ ಮಗು ಬೀಜವನ್ನು ಮೂಗಿಗೆ ತುರುಕಿಕೊಂಡಿತು. ಆಸ್ಪತ್ರೆಯಲ್ಲಿ ತೆಗೆಸಬೇಕಾಯಿತು. ಅವತ್ತಿನಿಂದ ಚಿಕ್ಕವರಿಗೆ ಬೀಜ ಇಲ್ಲ, ಮುಸುಕಿನ ಜೋಳದ ದಿಂಡು, ತೆಂಗಿನ ಚಿಪ್ಪು ಮಾತ್ರ. ದೊಡ್ಡವರಿಗೆ ತಲಾ ಹತ್ತೇ ಬೀಜ. ಆಟ ಮುಗಿದ ಮೇಲೆ ಎರಡು ಪಟ್ಟಿ ತುಂಬಿಸಿ ವಾಪಸ್ ಕೊಡಬೇಕು. ಒಂದು ಗುಳಿ ಖಾಲಿ ಕಂಡರೆ ಎಲ್ಲರೂ ಸೇರಿ ಚಾಪೆ ಕೊಡವುತ್ತೇವೆ.

ಆ ಹುಡುಗನ ತಾಯಿ ಒಂದು ದಿನ ಬಂದು, "ಬರೀ ಆಟ ಆಡಿಸ್ತೀರಲ್ಲ ಟೀಚರ್, ಕಾನ್ವೆಂಟ್ ಮಕ್ಕಳು ಆಗ್ಲೇ ನೂರರ ತನಕ ಬರೀತಾರೆ" ಅಂದರು. ಅವರ ಚಿಂತೆ ಸುಳ್ಳಲ್ಲ. ಪಕ್ಕದ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ-ಕಲಿ ನಮ್ಮೂರಿನ ಸರ್ಕಾರಿ ಶಾಲೆಗೂ ಬಂದಿದೆ, ಒಂದನೇ ಕ್ಲಾಸಿಗೆ ಹೋದರೂ ಹೀಗೇ ಆಡುತ್ತಾ ಕಲಿಯುತ್ತಾನೆ ಅಂತ ಹೇಳಬಹುದಿತ್ತು. ಸುಮ್ನೆ "ಕೂತ್ಕೊಳ್ಳಿ ಅಕ್ಕಾ, ಒಂದಾಟ ಆಡಿ" ಅಂದೆ.

ಅವರು ಬೀಜ ಎಸೆದರು. ನೋಡುವಷ್ಟರಲ್ಲೇ ಮಗ, "ಮೂರು ಬಿಳಿ, ಒಂದು ಕಂದು" ಅಂದ. ಎಣಿಸಲೇ ಇಲ್ಲ. ಅಮ್ಮ ಅಂಗೈಯಲ್ಲಿ ಬೀಜ ಮುಚ್ಚಿ ಎರಡನ್ನು ಮಾತ್ರ ತೋರಿಸಿದರು. "ಒಳಗೆ ಎಷ್ಟಿದೆ?"

"ಇನ್ನೆರಡು" ಅಂದ. ಆ ಆಟ ನಾನು ಹೇಳಿಕೊಟ್ಟಿದ್ದಲ್ಲ, ಅಮ್ಮನೇ ಹುಟ್ಟಿಸಿದ್ದು. ಈಗ ದಿನಾ ಅದನ್ನೂ ಆಡಿಸುತ್ತೇನೆ.