ಬ್ರಿಟನ್ನಿನ ಮಕ್ಕಳ ಐಸಿಯು: ನಿಮ್ಮ ಕೂಸಿಗೆ ಯಾವ ಫಿಲ್ಟರ್?

ಬ್ರಿಟನ್ನಿನಲ್ಲಿ ಎಲ್ಲ ಆಸ್ಪತ್ರೆಯಲ್ಲೂ ಮಕ್ಕಳ ಐಸಿಯು ಇರುವುದಿಲ್ಲ. ಕೂಸಿನ ಕಿಡ್ನಿ ಕೈಕೊಟ್ಟರೆ ಬೇರೆ ಊರಿನಿಂದ ತಂಡವೇ ಆಂಬುಲೆನ್ಸ್‌ನಲ್ಲಿ ಬಂದು ಕರೆದೊಯ್ಯುತ್ತದೆ. ಲಂಡನ್ನಿನ ಉತ್ತರ ಭಾಗದಲ್ಲಿ ಈ ತಂಡಕ್ಕೆ ಕ್ಯಾಟ್ಸ್ ಅಂತ ಹೆಸರು.

ಐಸಿಯುನಲ್ಲಿ ನರ್ಸ್ ‘ಫಿಲ್ಟರ್ ಶುರು ಮಾಡ್ತೀವಿ’ ಎಂದರೆ ದಿನವಿಡೀ ನಿಧಾನವಾಗಿ ನಡೆಯುವ ಡಯಾಲಿಸಿಸ್ ಅಂತ ಅರ್ಥ. ಆಗ ಒಂದೇ ಪ್ರಶ್ನೆ ಕೇಳಿ: ಕೊಳವೆ, ಫಿಲ್ಟರ್ ಎಲ್ಲ ಸೇರಿ ಎಷ್ಟು ಎಂಎಲ್ ರಕ್ತ ಹಿಡಿಯುತ್ತೆ?

ಪುಟ್ಟ ಮಕ್ಕಳ ಮೈಯಲ್ಲಿ ಒಂದು ಕಿಲೋ ತೂಕಕ್ಕೆ ಸುಮಾರು 80 ಎಂಎಲ್ ರಕ್ತ. 3 ಕಿಲೋ ಕೂಸಿನಲ್ಲಿ ಇರುವುದೇ 240 ಎಂಎಲ್, ಒಂದು ಲೋಟದಷ್ಟು! ಪ್ರಿಸ್ಮಾಫ್ಲೆಕ್ಸ್ ಎಂಬ ಡಯಾಲಿಸಿಸ್ ಯಂತ್ರದ ಎಚ್‌ಎಫ್20 ಸೆಟ್ (ಕೊಳವೆ, ಫಿಲ್ಟರ್ ಸೇರಿ) ಸುಮಾರು 60 ಎಂಎಲ್ ಹಿಡಿಯುತ್ತದೆ, ಅಂದರೆ ಕಾಲು ಭಾಗ. ಎಂ60 ಸೆಟ್ಟಿಗೆ 93 ಎಂಎಲ್ ಬೇಕು. ಅದೇ 10 ಕಿಲೋ ಮಗುವಿಗೆ ಎಚ್‌ಎಫ್20 ಆರಾಮ. ಸೆಟ್ ಹಿಡಿಯುವ ರಕ್ತ ಮೈಯ ರಕ್ತದ ಹತ್ತನೇ ಒಂದು ಭಾಗ ದಾಟಿದರೆ ಬ್ಲಡ್ ಬ್ಯಾಂಕಿನ ರಕ್ತವನ್ನು ಮೊದಲೇ ಕೊಳವೆಗೆ ತುಂಬುವುದು ರೂಢಿ. ರಕ್ತದ ಚೀಲ ನೋಡಿ ಗಾಬರಿಯಾಗಬೇಡಿ.

ಗಾತ್ರ ಒಂದೇ ಅಲ್ಲ, ಫಿಲ್ಟರ್ ಒಳಗಿನ ರಕ್ತ ಸೋಸುವ ಪರದೆಯೂ ಮುಖ್ಯ. ಎಂ60ಯಲ್ಲಿರುವುದು ಎಎನ್69 ಪರದೆ. ಬ್ಯಾಂಕಿನ ರಕ್ತದಲ್ಲಿ ಆಮ್ಲ ಜಾಸ್ತಿ. ಅದು ಈ ಪರದೆಗೆ ತಾಗಿದರೆ ರಕ್ತನಾಳ ಹಿಗ್ಗಿಸುವ ಬ್ರಾಡಿಕೈನಿನ್ ಎಂಬ ವಸ್ತು ಹುಟ್ಟಿ, ಕೆಲವೇ ನಿಮಿಷದಲ್ಲಿ ಕೂಸಿನ ಬಿಪಿ ಕುಸಿಯಬಹುದು. ಅದಕ್ಕೇ ಶುರು ಮಾಡುವ ಹೊತ್ತಿಗೆ ಹಾಸಿಗೆಯ ಸುತ್ತ ಅಷ್ಟೊಂದು ಜನ ನಿಲ್ಲುವುದು. ಎಚ್‌ಎಫ್20ಯ ಪರದೆ ಬೇರೆ ಜಾತಿಯದು.

ಫಿಲ್ಟರ್ ಮಧ್ಯದಲ್ಲೇ ಹೆಪ್ಪುಗಟ್ಟುವುದೂ ಉಂಟು. ದೊಡ್ಡವರಿಗೆ ಅದು ಕಿರಿಕಿರಿ, ಅಷ್ಟೇ. ಕೂಸಿಗೆ ಒಳಗೆ ಸಿಕ್ಕಿಕೊಂಡ ರಕ್ತವೇ ನಷ್ಟ. ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡ್ತೀರೋ ಸಿಟ್ರೇಟೋ, ಕೇಳಿಟ್ಟುಕೊಳ್ಳಿ. 8 ಕಿಲೋಗಿಂತ ಚಿಕ್ಕವರಿಗೆಂದೇ ನ್ಯೂಕ್ಯಾಸಲ್‌ನಲ್ಲಿ ರೂಪಿಸಿದ ನೈಡಸ್ ಯಂತ್ರವೂ ಇದೆ. ಅದು ಸಿರಿಂಜಿನಿಂದ ಸ್ವಲ್ಪ ಸ್ವಲ್ಪವೇ ರಕ್ತ ಎಳೆಯುತ್ತದೆ. ಎಲ್ಲ ಕಡೆ ಸಿಗುವುದಿಲ್ಲ. ಇನ್ನು ಹೊಟ್ಟೆಯೊಳಗೆ ದ್ರವ ತುಂಬಿ ಮಾಡುವ ಪೆರಿಟೋನಿಯಲ್ ಡಯಾಲಿಸಿಸ್‌ನಲ್ಲಿ ರಕ್ತ ಮೈಯಿಂದ ಹೊರಗೇ ಬರುವುದಿಲ್ಲ. ಅದು ಹಳೇ ಕಾಲದ್ದು ಅಂತ ಮೂಗು ಮುರಿಯಬೇಡಿ, ಪುಟ್ಟ ಕೂಸಿಗೆ ಎಷ್ಟೋ ಸಲ ಅದೇ ಒಳ್ಳೆಯದು.

ಬ್ರ್ಯಾಂಡ್ ಆರಿಸುವ ಅವಕಾಶ ನಿಮಗಿಲ್ಲ, ಘಟಕದಲ್ಲಿ ಇರುವುದನ್ನೇ ಹಾಕುತ್ತಾರೆ. ಆದರೆ ಕಾರಣ ಕೇಳಬಹುದು. ಇಂಗ್ಲಿಷ್ ಕಷ್ಟವಾದರೆ ಕನ್ನಡದ ದುಭಾಷಿ ಬೇಕು ಎನ್ನಿ, ದುಡ್ಡು ಕೊಡಬೇಕಿಲ್ಲ. ಉತ್ತರ ಸರಿಯಾಗಿ ಸಿಗದಿದ್ದರೆ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ರೋಗಿಗಳ ಅಹವಾಲು ಕೇಳುವ ಪಾಲ್ಸ್ ಅನ್ನುವ ಕಚೇರಿ ಇರುತ್ತದೆ.

ವೀಸಾ ಜೊತೆ ಹೆಲ್ತ್ ಸರ್‌ಚಾರ್ಜ್ ಕಟ್ಟಿದ್ದರೆ ಬಿಲ್ ಬರುವುದಿಲ್ಲ. ವಿಸಿಟರ್ ವೀಸಾದಲ್ಲಿ ಬಂದ ಮಗುವಿಗೆ ಇಂಗ್ಲೆಂಡಿನಲ್ಲಿ ಎಮರ್ಜೆನ್ಸಿ ವಿಭಾಗ ಉಚಿತ, ದಾಖಲಾದ ಮೇಲೆ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ದರದ ಒಂದೂವರೆ ಪಟ್ಟು ಬಿಲ್. ಆದರೆ ಜೀವ ಉಳಿಸುವ ಚಿಕಿತ್ಸೆಯನ್ನು ಬಿಲ್ಲಿಗಾಗಿ ತಡೆಯುವಂತಿಲ್ಲ.