ಹೊಸ ಕಂಪ್ಯೂಟರ್ ತರೋಣ ಅಂತಿದ್ದೆ, ಅಪ್‌ಡೇಟೇ ಸಾಕಾಯಿತು

ಬಳ್ಳಾರಿಯ ಕೌಲ್‌ಬಜಾರಿನಲ್ಲಿ ನನ್ನದೊಂದು ಸಣ್ಣ ಡಿಸೈನ್ ಅಂಗಡಿ ಇದೆ. ಜೀನ್ಸ್ ಹೊಲಿಯುವವರಿಗೆ ಲೇಬಲ್, ಟ್ಯಾಗ್ ಮಾಡಿಕೊಡುವುದೇ ಜಾಸ್ತಿ. ಕಂಪ್ಯೂಟರ್ ಹಳೆಯದು, ಇಂಟೆಲ್ ಐ5-6500. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ವಿಂಡೋಸ್ ಬದಲು ಡೆಬಿಯನ್ 12 ಅನ್ನೋ ಲಿನಕ್ಸ್, ಅದರ ಜೊತೆ ಬಂದ, ವಿಂಡೋ, ಮೆನು ಎಲ್ಲ ತೋರಿಸುವ ಗ್ನೋಮ್ 43 ಹಾಕಿಕೊಂಡಿದ್ದೆ.

4ಕೆ ಮಾನಿಟರ್ ತಂದ ಮೇಲೆ ಗೋಳು ಶುರುವಾಯಿತು. ವಿಂಡೋ ಎಳೆದರೆ ಕುಂಟುತ್ತಾ ಬರುತ್ತಿತ್ತು. ಮೊದಲ ತಪ್ಪು ನನ್ನದೇ. ಎಚ್‌ಡಿಎಂಐ ಕೇಬಲ್ ಚುಚ್ಚಿದ್ದೆ. ನನ್ನ ಬೋರ್ಡಿನದು ಎಚ್‌ಡಿಎಂಐ 1.4, ಅದರಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಬದಲಾಗುತ್ತದೆ. ಡಿಸ್‌ಪ್ಲೇಪೋರ್ಟ್ ಕೇಬಲ್ ತಂದು ಹಾಕಿದೆ, 60 ಆಯಿತು.

ಅಷ್ಟಾದರೂ ವಿಂಡೋಸ್ ಕೀ ಒತ್ತಿ ತೆರೆದ ಕೆಲಸಗಳನ್ನೆಲ್ಲ ಹರಡಿ ನೋಡುವಾಗ ತಡವರಿಕೆ ಹೋಗಲಿಲ್ಲ. ಜಿಪಿಯು, ಅಂದ್ರೆ ಪರದೆಯ ಚಿತ್ರ ಬಿಡಿಸುವ ಭಾಗ, ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ಇಂಟೆಲ್-ಜಿಪಿಯು-ಟಾಪ್ ಓಡಿಸಿ ನೋಡಿದೆ. ವಿಚಿತ್ರ ಅಂದ್ರೆ, 1050 ಮೆಗಾಹರ್ಟ್ಸ್ ತನಕ ಓಡಬಲ್ಲ ಜಿಪಿಯು ಅದರ ಅರ್ಧಕ್ಕೂ ಏರುತ್ತಿರಲಿಲ್ಲ. ಕೆಲಸ ಕುಂಟುತ್ತಿದೆ, ಆಳು ಆರಾಮಾಗಿ ಕೂತಿದ್ದಾನೆ!

ಕಾರಣ ನಮ್ಮ ಹೊಲಿಗೆ ಯೂನಿಟ್ಟಿನ ಲೆಕ್ಕದಲ್ಲೇ ಹೇಳಿಬಿಡುತ್ತೇನೆ. ಬುಟ್ಟಿ ಅಂದ್ರೆ ಒಂದು ಚಿತ್ರ ಹಿಡಿಯುವ ಮೆಮೊರಿ ಜಾಗ (ಬಫರ್), ಕಟಿಂಗ್ ಮಾಸ್ಟರ್ ಅಂದ್ರೆ ಜಿಪಿಯು, ಹೊಲಿಯುವವರು ಅಂದ್ರೆ ಮಾನಿಟರ್, ಮಾಲೀಕ ಅಂದ್ರೆ ಜಿಪಿಯು ವೇಗ ಏರಿಸಿ ಇಳಿಸುವ ವ್ಯವಸ್ಥೆ. ಇರುವುದು ಎರಡೇ ಬುಟ್ಟಿ. ಒಂದು ಹೊಲಿಯುವವರ ಹತ್ತಿರ, ಇನ್ನೊಂದು ಕಟಿಂಗ್ ಮಾಸ್ಟರ್ ಹತ್ತಿರ. ಬುಟ್ಟಿ ಬದಲಿಸುವ ಹುಡುಗ ಸೆಕೆಂಡಿಗೆ 60 ಸಲ, ಅಂದ್ರೆ 16.7 ಮಿಲಿಸೆಕೆಂಡಿಗೊಮ್ಮೆ ಬರುತ್ತಾನೆ. ಮಾಸ್ಟರ್‌ಗೆ ಚೂರು ತಡವಾದರೆ ಆ ಸುತ್ತು ತಪ್ಪಿತು. ಮುಂದಿನ ಸುತ್ತಿನ ತನಕ ತುಂಬಿದ ಬುಟ್ಟಿ ಹಿಡಿದು ಸುಮ್ನೆ ಕೂರಬೇಕು. 60 ಇದ್ದದ್ದು 30ಕ್ಕೆ ಬಿತ್ತು. ಇತ್ತ ಮಾಲೀಕ ಬಂದು ನೋಡಿ, ಇವನಿಗೆ ಕೆಲಸವೇ ಇಲ್ಲ ಅಂದುಕೊಂಡು ಮಷೀನಿನ ವೇಗ ಇಳಿಸುತ್ತಾನೆ. ಆಗ ಮತ್ತೂ ತಡ.

ಮೂರನೇ ಬುಟ್ಟಿ ಕೊಟ್ಟರೆ ಮಾಸ್ಟರ್ ಕೈ ನಿಲ್ಲುವುದಿಲ್ಲ, ವೇಗವೂ ತಾನಾಗಿ ಏರುತ್ತದೆ. ಇದಕ್ಕೆ ಟ್ರಿಪಲ್ ಬಫರಿಂಗ್ ಅಂತಾರೆ. ಗ್ನೋಮ್‌ನಲ್ಲಿ ಇದು ಬೇಕಾದಾಗ ಮಾತ್ರ ಚಾಲೂ ಆಗುತ್ತದೆ. ಉಬುಂಟು ಅನ್ನೋ ಇನ್ನೊಂದು ಲಿನಕ್ಸ್ ಮಾಡುವ ಕೆನಾನಿಕಲ್ ಕಂಪನಿಯ ಡೇನಿಯಲ್ ವ್ಯಾನ್ ವುಗ್ಟ್ ಇದರ ಹಿಂದೆ ಸುಮಾರು 5 ವರ್ಷ ಬಿದ್ದಿದ್ದರು. ಉಬುಂಟುವಿನವರು 22.04ರಲ್ಲೇ ಸೇರಿಸಿಕೊಂಡರು. ಗ್ನೋಮ್‌ನ ಮೂಲಕ್ಕೆ ಬಂದದ್ದು 2025ರ ಮಾರ್ಚಿನ 48ನೇ ಆವೃತ್ತಿಯಲ್ಲಿ. ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ಅದೇ 48 ಇದೆ.

ಒಂದು ಭಾನುವಾರ ಕೂತೆ. ಗಿರಾಕಿಗಳ ಫೈಲೆಲ್ಲ ಹೊರಗಿನ ಡಿಸ್ಕಿಗೆ ಹಾಕಿದೆ. ಸಾಫ್ಟ್‌ವೇರ್ ಎಲ್ಲಿಂದ ತರಬೇಕು ಅಂತ ಬರೆದಿರುವ ಸೋರ್ಸಸ್ ಫೈಲಿನಲ್ಲಿ ಬುಕ್‌ವರ್ಮ್ (ಡೆಬಿಯನ್ 12ರ ಹೆಸರು) ಇದ್ದಲ್ಲೆಲ್ಲ ಟ್ರಿಕ್ಸಿ (13ರ ಹೆಸರು) ಅಂತ ತಿದ್ದಿ, ಮೊದಲು ಸಾದಾ ಅಪ್‌ಗ್ರೇಡ್, ಆಮೇಲೆ ಫುಲ್-ಅಪ್‌ಗ್ರೇಡ್ ಕೊಟ್ಟೆ. ನಡುವೆ ಕರೆಂಟ್ ಹೋಯಿತು. ಯುಪಿಎಸ್ ಪೀಂ ಪೀಂ ಅಂತಿದ್ದಷ್ಟು ಹೊತ್ತೂ ನನ್ನ ಎದೆಯೂ ಹಾಗೇ ಹೊಡೆದುಕೊಳ್ಳುತ್ತಿತ್ತು. ಪುಣ್ಯಕ್ಕೆ ಬೇಗ ಬಂತು.

ರೀಸ್ಟಾರ್ಟ್ ಆದ ಮೇಲೆ ವಿಂಡೋಸ್ ಕೀ ಒತ್ತಿದೆ. ಹನ್ನೆರಡು ವಿಂಡೋ ಎಣ್ಣೆ ಸವರಿದ ಹಾಗೆ ಜಾರಿ ಹರಡಿಕೊಂಡವು. ಸುಮ್ನೆ ನಾಲ್ಕೈದು ಸಲ ಒತ್ತಿದೆ. ಮೆಗಾಹರ್ಟ್ಸ್ ಕೂಡ ಈಗ ಸಾವಿರ ಮುಟ್ಟುತ್ತಿತ್ತು. ಇಷ್ಟೂ ಈ ಒಂದರಿಂದಲೇ ಅನ್ನಲಾರೆ. ಲಿನಕ್ಸ್‌ನ ತಿರುಳಾದ ಕರ್ನಲ್ 6.1ರಿಂದ 6.12ಕ್ಕೆ ಹೋಗಿತ್ತು, ಜಿಪಿಯುಗೆ ಕೆಲಸ ಹೇಳುವ ಮೇಸಾ ಡ್ರೈವರ್ ಕೂಡ ಹೊಸದು.

ಡಿಸೈನ್ ಮಾಡುವ ಇಂಕ್‌ಸ್ಕೇಪ್ ಸಾಫ್ಟ್‌ವೇರಿನಲ್ಲಿ ದೊಡ್ಡ ಶೀಟ್ ಎಕ್ಸ್‌ಪೋರ್ಟ್ ಮಾಡಲು ಮಾತ್ರ ನನಗೆ ಮೊದಲಿನಷ್ಟೇ ಹೊತ್ತು ಹಿಡಿಯುತ್ತಿದೆ. ಅದು ಪ್ರೊಸೆಸರ್ ಕೆಲಸ, ಬುಟ್ಟಿ ಎಷ್ಟಿದ್ದರೇನು. ಕಂಪ್ಯೂಟರಿಗೆ ಅಂತ ಎತ್ತಿಟ್ಟಿದ್ದ ದುಡ್ಡಿನಲ್ಲಿ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದೆ.