ಕಾಫಿ ಕಣದಲ್ಲಿ ತಿದ್ದಿಕೊಂಡ ಸರ್ವ್

ಮಡಿಕೇರಿಯಲ್ಲಿ ಹತ್ತು ವರ್ಷ ಟೆನಿಸ್ ಆಡಿದ ಮೇಲೂ ನನ್ನ ಸರ್ವ್, ಅಂದರೆ ಆಟ ಶುರು ಮಾಡುವ ಹೊಡೆತ, ನೆಟ್‌ಗೆ ಬಡಿಯುವುದು ತಪ್ಪಿರಲಿಲ್ಲ. ಬಲವನ್ನೆಲ್ಲ ಮಣಿಕಟ್ಟಿನಿಂದಲೇ ತರಲು ಹೋಗಿ ಭುಜದ ನೋವನ್ನಷ್ಟೇ ಸಂಪಾದಿಸಿದ್ದೆ. ಕೊಯ್ಲು ಮುಗಿದು ಕಾಫಿ ಕಣ ಖಾಲಿಯಾದ ಏಪ್ರಿಲ್‌ನಲ್ಲಿ, ಎರಡು ಡ್ರಮ್‌ಗಳ ನಡುವೆ ನೆಟ್‌ನ ಮಧ್ಯಭಾಗದಷ್ಟೇ, ಅಂದರೆ 3 ಅಡಿ ಎತ್ತರಕ್ಕೆ, ಹಗ್ಗ ಕಟ್ಟಿ ಲೆಕ್ಕ ಹಾಕಿ ನೋಡಿದೆ.

ಸರ್ವ್ ಮಾಡುವವರು ನಿಲ್ಲುವ ಬೇಸ್‌ಲೈನಿನಿಂದ ನೆಟ್‌ಗೆ 39 ಅಡಿ, ಅಲ್ಲಿಂದ ಆಚೆ, ಚೆಂಡು ದಾಟದೆ ಬೀಳಬೇಕಾದ ಸರ್ವಿಸ್ ಗೆರೆಗೆ 21 ಅಡಿ. ರಾಕೆಟ್ ಎತ್ತಿ ಹಿಡಿದರೆ ನನಗೆ ಎಟಕುವುದು ಎಂಟೂವರೆ ಅಡಿ. ಆ ಎತ್ತರದಿಂದ ಸರ್ವಿಸ್ ಗೆರೆಯವರೆಗೆ ದಾರ ಬಿಗಿದಾಗ ಅದು ಸರಿಯಾಗಿ ಹಗ್ಗಕ್ಕೇ ತಾಗಿತು. ಅಂದರೆ ನನ್ನ ಎತ್ತರದವರು ಚೆಂಡನ್ನು ಕೆಳಮುಖವಾಗಿ ಹೊಡೆದರೆ ಉಳಿಗಾಲವಿಲ್ಲ. ತುಸು ಮೇಲ್ಮುಖವಾಗಿ, ಸ್ಪಿನ್ ಕೊಟ್ಟು ಹೊಡೆದು, ನೆಟ್ ದಾಟಿದ ಮೇಲೆ ಅದು ಬಾಗಿ ಇಳಿಯುವಂತೆ ಮಾಡಬೇಕು. 1877ರ ಮೊದಲ ವಿಂಬಲ್ಡನ್‌ನಲ್ಲಿ ಸರ್ವಿಸ್ ಗೆರೆ ನೆಟ್‌ನಿಂದ 26 ಅಡಿ ದೂರವಿತ್ತು, ಹೆಚ್ಚಿನವರು ಕೆಳಗಿನಿಂದಲೋ ಭುಜದ ಮಟ್ಟದಲ್ಲೋ ಸರ್ವ್ ಮಾಡುತ್ತಿದ್ದರು. ಮುಂದೆ ಗೆರೆ ಹತ್ತಿರ ಸರಿಯಿತು. ಆ 5 ಅಡಿಯ ದಂಡವನ್ನು ನನ್ನಂಥ ಕುಳ್ಳರು ಇಂದಿಗೂ ತೆರುತ್ತಿದ್ದೇವೆ.

ಮಗಳು ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದಾಗ ಇನ್ನೊಂದು ದೋಷ ಕಂಡಿತು. ಚೆಂಡು ಇನ್ನೂ ಮೇಲಿರುವಾಗಲೇ ನನ್ನ ರಾಕೆಟ್, ಹೋಟೆಲಿನ ಸಪ್ಲೈಯರ್ ಹೊತ್ತ ತಟ್ಟೆಯಂತೆ, ಅಂಗಾತ ಆಕಾಶ ನೋಡುತ್ತಿತ್ತು. ಹಾಗೆ ಹಿಡಿದರೆ ತೋಳಿಗೆ ತಿರುಗಲು ಜಾಗವೇ ಉಳಿಯುವುದಿಲ್ಲ. ಪರಿಹಾರ ಹೊಳೆದದ್ದು ತೋಟದಲ್ಲಿ ಮರಗಸಿ ಮಾಡುವವರನ್ನು, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವವರನ್ನು, ನೋಡಿದಾಗ: ಕತ್ತಿಯ ಬಾಯಿ ಮೊದಲು ಹೋಗುತ್ತದೆ, ಅಗಲ ಭಾಗವಲ್ಲ. ರಾಕೆಟ್ಟನ್ನೂ ಕತ್ತಿಯಂತೆಯೇ ಹಿಡಿದು, ಅದರ ಅಂಚನ್ನೇ ಚೆಂಡಿನತ್ತ ಒಯ್ದು, ಕೊನೆಯ ಕ್ಷಣದಲ್ಲಿ ಮೇಲ್ದೋಳು ಒಳಮುಖವಾಗಿ ಹೊರಳಲು ಬಿಟ್ಟರೆ ಮುಂಗೈಯೂ ಜೊತೆಗೆ ತಿರುಗಿ, ಚೆಂಡು ಹೊರಟ ಮೇಲೆ ಅಂಗೈ ಬಲಕ್ಕೆ ಮುಖ ಮಾಡುತ್ತದೆ. ಮಣಿಕಟ್ಟಿನ ಬೀಸು ಎಂದು ನಾನು ನಂಬಿದ್ದರ ಬಹುಪಾಲು ಈ ಹೊರಳುವಿಕೆಯೇ ಆಗಿತ್ತು.

ಕಾಲಿನ ಕೆಲಸ ಕಲಿಯಲು ರಾಕೆಟ್ ಬದಿಗಿಟ್ಟು, ಹಳೆಯ ಚೆಂಡುಗಳನ್ನು ಕಣದಾಚೆಯ ಸಿಲ್ವರ್ ಮರಗಳ ಮೇಲಿಂದ ಎಸೆದೆ. ಮಂಡಿ ಬಾಗಿಸಿ ನೆಲವನ್ನೊತ್ತಿ ಎದ್ದಾಗ ಸೊಂಟ, ಎದೆ, ಭುಜ ಒಂದರ ಹಿಂದೊಂದು ತಿರುಗಿ, ತೋಳು ಹಿಂದೆ ಉಳಿದು ಕೊನೆಗೆ ಚಾಟಿಯಂತೆ ಬಂತು. ಕಾಲು ಬಳಸದ ದಿನ ಸಂಜೆಗೆ ಭುಜವೇ ಲೆಕ್ಕ ಕೇಳುತ್ತಿತ್ತು.

ಜೂನ್‌ನಲ್ಲಿ ಮಳೆ ಹಿಡಿಯಿತು, ಕಣ ಪಾಚಿಗಟ್ಟಿತು. ಈಗ ಜಗಲಿಯಲ್ಲಿ ನಿಂತು ಅಂಗಳದ ಕಡೆ ಕೈ ಚಾಚಿ ಚೆಂಡು ಮೇಲೆಸೆಯುವುದಷ್ಟೇ ಅಭ್ಯಾಸ. ಹತ್ತರಲ್ಲಿ ಮೂರು ಇನ್ನೂ ತಲೆಯ ಹಿಂದಕ್ಕೇ ಬೀಳುತ್ತಿವೆ.